ಮಾಲಕನಿಲ್ಲದ ಕಾರ್ಖಾನೆಯಲ್ಲಿ ಮುಷ್ಕರ ಯಾರ ವಿರುದ್ಧ?



ಬಂಡವಾಳಶಾಹಿಯ ದೋಷಗಳನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇರುವ ಕೆಲಸ ಯಾವಾಗ ಹೋಗುತ್ತದೋ ಎಂಬ ಭಯ, ದುಡಿದವನ ಕೂಲಿಗೂ ಅವನು ತಯಾರಿಸಿದ ವಸ್ತುವಿನ ಬೆಲೆಗೂ ಇರುವ ಅಂತರ, ಗೋದಾಮಿನಲ್ಲಿ ಧಾನ್ಯ ತುಂಬಿರುವಾಗಲೇ ಬೀದಿಯಲ್ಲಿ ಕಾಣುವ ಹಸಿವು, ಇವೆಲ್ಲ ನಾವು ಕಂಡುಂಡ ಸಂಗತಿಗಳೇ. ಇದಕ್ಕೆ ಪರಿಹಾರವೇನು ಎಂಬ ಪ್ರಶ್ನೆಗೆ ಕಳೆದ ಶತಮಾನ ಕೊಟ್ಟ ಅತಿ ದೊಡ್ಡ ಉತ್ತರವೆಂದರೆ ಕಾರ್ಮಿಕರ ರಾಜ್ಯ. ಮಾಲಕನನ್ನು ತೆಗೆದುಹಾಕಿ, ದುಡಿಯುವವರ ಕೈಗೆ ಅಧಿಕಾರ ಕೊಟ್ಟರೆ ಸಮಸ್ಯೆಗಳು ಬಗೆಹರಿಯುತ್ತವೆ ಎಂದು ಕೋಟ್ಯಂತರ ಜನ ನಂಬಿದ್ದರು. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವಾಯಿತು? ಇದನ್ನು ತಿಳಿಯಲು ರಷ್ಯದ ಚರಿತ್ರೆಗಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲ.

ಮೊದಲು ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 1917ರ ನವೆಂಬರ್ 7ರಂದು ಬೋಲ್ಶೆವಿಕ್ ಪಕ್ಷ ಅಧಿಕಾರಕ್ಕೆ ಬಂತು. ಒಂದು ವಾರದೊಳಗೆ ಎಂಟು ಗಂಟೆಗಳ ದುಡಿಮೆಯ ಆಜ್ಞೆ ಹೊರಟಿತು. ಅದೇ ತಿಂಗಳ ಕೊನೆಯ ವೇಳೆಗೆ ಕಾರ್ಖಾನೆಗಳ ಲೆಕ್ಕಪತ್ರ ಪರಿಶೀಲಿಸುವ ಹಕ್ಕು ಕಾರ್ಮಿಕರು ಚುನಾಯಿಸಿದ ಸಮಿತಿಗಳಿಗೆ ದೊರೆಯಿತು. 1918ರ ಜೂನ್‌ನಲ್ಲಿ ದೊಡ್ಡ ಉದ್ಯಮಗಳೆಲ್ಲ ರಾಷ್ಟ್ರೀಕರಣಗೊಂಡವು. ಅಧಿಕಾರಿಗಳೆಲ್ಲ ಚುನಾಯಿತರಾಗಿರಬೇಕು, ಅವರನ್ನು ಯಾವಾಗ ಬೇಕಾದರೂ ಹಿಂದಕ್ಕೆ ಕರೆಸುವಂತಿರಬೇಕು, ಅವರ ಸಂಬಳ ಒಬ್ಬ ಕಾರ್ಮಿಕನ ಕೂಲಿಯನ್ನು ಮೀರಬಾರದು ಎಂದು ಲೆನಿನ್ ಅಧಿಕಾರಕ್ಕೆ ಬರುವ ಕೆಲವೇ ವಾರಗಳ ಮುಂಚೆ ಬರೆದಿದ್ದರು. ಇಂತಹ ಮಾತು ಕೇಳಿ ಯಾರ ಮನಸ್ಸು ತಾನೇ ಅರಳುವುದಿಲ್ಲ!

ಆದರೆ ಅಂತರ್ಯುದ್ಧ ಬಂತು, ಅದರ ಬೆನ್ನಿಗೆ ಹಸಿವು ಬಂತು. 1917ರಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿದ್ದ ಪೆಟ್ರೊಗ್ರಾಡ್ ನಗರದಲ್ಲಿ 1920ರ ವೇಳೆಗೆ ಉಳಿದವರು ಸುಮಾರು 7 ಲಕ್ಷ. ಕ್ರಾಂತಿ ಮಾಡಿದ ಕಾರ್ಮಿಕರಲ್ಲಿ ಎಷ್ಟೋ ಮಂದಿ ಯುದ್ಧಭೂಮಿಗೆ ಹೋದರು, ಕೆಲವರು ಕಚೇರಿಗಳನ್ನು ಸೇರಿದರು, ಉಳಿದವರು ರೊಟ್ಟಿ ಹುಡುಕಿಕೊಂಡು ಹಳ್ಳಿಗೆ ಮರಳಿದರು. ಕಾರ್ಖಾನೆ ಸಮಿತಿಗಳ ಜಾಗದಲ್ಲಿ ಮೇಲಿನಿಂದ ನೇಮಕಗೊಂಡ ಒಬ್ಬನೇ ವ್ಯವಸ್ಥಾಪಕ ಬಂದು ಕುಳಿತ.

ಇಲ್ಲಿ ಓದುಗರು ಸ್ವಲ್ಪ ನಿಂತು ಗಮನಿಸಬೇಕಾದ ಒಂದು ಚರ್ಚೆ ಇದೆ. 1920ರ ಕೊನೆಯಲ್ಲಿ ಆ ಪಕ್ಷದೊಳಗೇ ಪ್ರಶ್ನೆಯೊಂದು ಎದ್ದಿತು. ರಾಜ್ಯವೇ ಕಾರ್ಮಿಕರದ್ದಾದ ಮೇಲೆ ಕಾರ್ಮಿಕ ಸಂಘಗಳಿಗೆ ಏನು ಕೆಲಸ? ಟ್ರಾಟ್ಸ್ಕಿಯವರ ವಾದ ನೇರವಾಗಿತ್ತು: ಕಾರ್ಮಿಕನನ್ನು ಅವನದೇ ರಾಜ್ಯದಿಂದ ರಕ್ಷಿಸುವ ಅಗತ್ಯವಿಲ್ಲ, ಸಂಘಗಳು ಉತ್ಪಾದನೆ ಹೆಚ್ಚಿಸುವ ಯಂತ್ರದ ಭಾಗವಾಗಬೇಕು. ಲೆನಿನ್ ಇದನ್ನು ಒಪ್ಪಲಿಲ್ಲ. ನಮ್ಮದು ಬರೀ ಕಾರ್ಮಿಕರ ರಾಜ್ಯವಲ್ಲ, ರೈತರದ್ದೂ ಹೌದು, ಅದಕ್ಕೆ ಅಧಿಕಾರಿಶಾಹಿಯ ವಕ್ರತೆಯೂ ಅಂಟಿಕೊಂಡಿದೆ, ಆದ್ದರಿಂದ ಕಾರ್ಮಿಕರು ತಮ್ಮ ರಾಜ್ಯದಿಂದಲೇ ತಮ್ಮನ್ನು ರಕ್ಷಿಸಿಕೊಳ್ಳಲು ಸಂಘಗಳು ಬೇಕು ಎಂದರು. ಮೂರನೆಯ ಗುಂಪು ಶ್ಲ್ಯಾಪ್ನಿಕೋವ್ ಮತ್ತು ಅಲೆಕ್ಸಾಂದ್ರಾ ಕೊಲ್ಲೊಂತಾಯ್ ಅವರದು. ಉದ್ಯಮದ ಆಡಳಿತವನ್ನೇ ಕಾರ್ಮಿಕರ ಸಂಘಗಳಿಗೆ ಒಪ್ಪಿಸಿ ಎಂದು ಅವರು ಕೇಳಿದರು.

ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಈ ಚರ್ಚೆಯಲ್ಲಿದೆ. ರೋಗವನ್ನು ಲೆನಿನ್ ಸರಿಯಾಗಿಯೇ ಗುರುತಿಸಿದ್ದರು. ಆದರೆ ಔಷಧಿ ಕೊಡಲಿಲ್ಲ. ಕೆಲವೇ ವಾರಗಳಲ್ಲಿ, 1921ರ ಫೆಬ್ರವರಿಯಲ್ಲಿ, ಪೆಟ್ರೊಗ್ರಾಡ್‌ನ ಕಾರ್ಮಿಕರು ಮುಷ್ಕರ ಹೂಡಿದರು. ಪಕ್ಕದ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರು ಅವರ ಪರವಾಗಿ ಎದ್ದು, ಗುಪ್ತ ಮತದಾನದ ಮೂಲಕ ಸೋವಿಯತ್‌ಗಳಿಗೆ ಹೊಸ ಚುನಾವಣೆ ನಡೆಸಿ ಎಂದು ಕೇಳಿದರು. ಮಾರ್ಚ್‌ನಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋದ ಕೆಂಪು ಸೇನೆ ಅವರನ್ನು ಅಡಗಿಸಿತು. ಅದೇ ದಿನಗಳಲ್ಲಿ ಸೇರಿದ್ದ ಹತ್ತನೆಯ ಪಕ್ಷ ಅಧಿವೇಶನ, ಪಕ್ಷದೊಳಗೆ ಬೇರೆ ಗುಂಪು ಕಟ್ಟುವುದನ್ನೇ ನಿಷೇಧಿಸಿತು. ರೈತರಿಂದ ಬಲವಂತವಾಗಿ ಧಾನ್ಯ ಕಸಿಯುವುದು ಮಾತ್ರ ನಿಂತಿತು, ಸಣ್ಣ ವ್ಯಾಪಾರಕ್ಕೆ ಮತ್ತೆ ಅವಕಾಶ ದೊರೆಯಿತು. ಮಾರುಕಟ್ಟೆಗೆ ಬಾಗಿಲು ತೆರೆಯಿತು, ಕಾರ್ಮಿಕನ ಮಾತಿಗೆ ಮುಚ್ಚಿತು.

ಹಾಗಾದರೆ ಏನೂ ಸಾಧನೆಯಾಗಲಿಲ್ಲವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. 1933ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ಕಾಲು ಭಾಗ ನಿರುದ್ಯೋಗಿಗಳಾಗಿದ್ದಾಗ, ಮೊದಲ ಪಂಚವಾರ್ಷಿಕ ಯೋಜನೆ ಮುಗಿಸಿದ್ದ ಸೋವಿಯತ್ ದೇಶದಲ್ಲಿ ಕೆಲಸಕ್ಕೆ ಜನ ಸಾಲದಾಗಿತ್ತು. 1897ರ ಜನಗಣತಿಯಲ್ಲಿ 9ರಿಂದ 49 ವರ್ಷದೊಳಗಿನವರಲ್ಲಿ ಓದು ಬಲ್ಲವರು ಶೇ. 28ರಷ್ಟಿದ್ದರೆ, 1939ರಲ್ಲಿ ಅದು ಶೇ. 87ಕ್ಕೆ ಏರಿತು. ಶಿಕ್ಷಣಕ್ಕಾಗಿ ದುಡಿಯುವ ನಮ್ಮಂತಹವರು ಈ ಅಂಕಿಯನ್ನು ಹಗುರವಾಗಿ ಕಾಣಬಾರದು. 1930ರಲ್ಲಿ ಅಲ್ಲಿಗೆ ಹೋದ ರವೀಂದ್ರನಾಥ ಠಾಕೂರರನ್ನು ಬೆರಗುಗೊಳಿಸಿದ್ದು ಕೂಡ ಬಡವರ ಮಕ್ಕಳ ಶಾಲೆಗಳೇ. ಆದರೆ ಮನುಷ್ಯರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಅಪಾಯವನ್ನೂ ಅವರು ಆಗಲೇ ಕಂಡಿದ್ದರು.

ಇನ್ನೊಂದು ಮಾತು. ರಷ್ಯದ ಭಯದಿಂದ ಬೇರೆ ದೇಶಗಳ ಮಾಲಕರೂ ಸ್ವಲ್ಪ ಬಗ್ಗಿದರು. 1919ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಪ್ಪಂದವೇ ಎಂಟು ಗಂಟೆಗಳ ದುಡಿಮೆಗೆ ಸಂಬಂಧಿಸಿದ್ದು. ಕಾರ್ಮಿಕರ ರಾಜ್ಯದಿಂದ ಹೆಚ್ಚು ಪ್ರಯೋಜನ ಪಡೆದವರು ಬಹುಶಃ ಆ ರಾಜ್ಯದ ಹೊರಗಿದ್ದ ಕಾರ್ಮಿಕರೇ ಇರಬೇಕೆಂದು ನನಗೆ ಕೆಲವೊಮ್ಮೆ ಅನಿಸುತ್ತದೆ.

ಒಳಗಿದ್ದವರ ಪಾಡು ಬೇರೆ. 1932-33ರ ಕ್ಷಾಮದಲ್ಲಿ ಉಕ್ರೇನ್, ಕಝಾಕ್‌ಸ್ತಾನ್ ಮೊದಲಾದ ಕಡೆ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗಲೂ ಧಾನ್ಯ ಹೊರದೇಶಕ್ಕೆ ರಫ್ತಾಗುತ್ತಲೇ ಇತ್ತು. 1940ರ ಜೂನ್‌ನ ಆಜ್ಞೆಯಂತೆ ಅನುಮತಿಯಿಲ್ಲದೆ ಕೆಲಸ ಬಿಟ್ಟವನಿಗೆ ಜೈಲು. ಇಪ್ಪತ್ತು ನಿಮಿಷಕ್ಕಿಂತ ತಡವಾಗಿ ಬಂದರೆ ಅದೂ ಅಪರಾಧ, ಆರು ತಿಂಗಳವರೆಗೆ ಸಂಬಳದಲ್ಲಿ ಕಾಲು ಭಾಗದಷ್ಟು ಕಡಿತ. ಈ ಕಾನೂನು ರದ್ದಾದದ್ದು 1956ರಲ್ಲಿ. ಕೆಲಸ ಕಳೆದುಕೊಳ್ಳುವ ಭಯ ಹೋಗಿ, ಕೆಲಸ ಬಿಡಲಾಗದ ಭಯ ಬಂದಿತ್ತು.

1962ರ ಜೂನ್ 1ರಂದು ಸರಕಾರ ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿಸಿತು. ದಕ್ಷಿಣ ರಷ್ಯದ ನೊವೊಚೆರ್ಕಾಸ್ಕ್ ಪಟ್ಟಣದ ರೈಲು ಎಂಜಿನ್ ಕಾರ್ಖಾನೆಯಲ್ಲಿ ಅದೇ ವರ್ಷ ಕೆಲಸದ ಪ್ರಮಾಣವನ್ನು ಹೆಚ್ಚಿಸಿ ಕೂಲಿ ಇಳಿಯುವಂತೆ ಮಾಡಲಾಗಿತ್ತು. ಹೇಗೆ ಬದುಕುವುದೆಂದು ಕೇಳಿದ ಕಾರ್ಮಿಕರಿಗೆ, ಮಾಂಸ ಸಿಗದಿದ್ದರೆ ಕಡುಬು ತಿನ್ನಿ ಎಂಬರ್ಥದ ಉತ್ತರ ನಿರ್ದೇಶಕನಿಂದ ಬಂತು. ಅವರು ಕೆಲಸ ನಿಲ್ಲಿಸಿದರು. ಮರುದಿನ ಕೆಂಪು ಬಾವುಟ, ಲೆನಿನ್ ಭಾವಚಿತ್ರ ಹಿಡಿದು ಪಟ್ಟಣದ ಕಡೆಗೆ ಮೆರವಣಿಗೆ ಹೊರಟರು. ಸೈನಿಕರು ಗುಂಡು ಹಾರಿಸಿದರು. 26 ಮಂದಿ ಸತ್ತರು. ವಿಚಾರಣೆಯ ನಂತರ ಇನ್ನೂ 7 ಮಂದಿಗೆ ಮರಣದಂಡನೆಯಾಯಿತು. ಹೆಣಗಳನ್ನು ಮನೆಯವರಿಗೆ ಕೊಡದೆ ದೂರದೂರದ ಸ್ಮಶಾನಗಳಲ್ಲಿ ಗುಟ್ಟಾಗಿ ಹೂಳಲಾಯಿತು.

ನಮ್ಮ ತಲೆಮಾರಿನ ಹಲವರು ಮಾಸ್ಕೋದಲ್ಲಿ ಅಚ್ಚಾದ, ಕಡಿಮೆ ಬೆಲೆಯ ಕನ್ನಡ ಪುಸ್ತಕಗಳನ್ನು ಓದಿ ಬೆಳೆದವರು. ಅವುಗಳ ಋಣ ನನ್ನ ಮೇಲೂ ಇದೆ. ಆದರೆ ಈ ಊರಿನ ಹೆಸರನ್ನು ಅವುಗಳಲ್ಲಿ ಕಂಡ ನೆನಪಿಲ್ಲ.

ಗುಂಡು ಹಾರಿಸಿದ ಸರಕಾರಗಳು ಬಂಡವಾಳಶಾಹಿ ದೇಶಗಳಲ್ಲೂ ಬೇಕಾದಷ್ಟಿವೆ ಎಂದು ನೀವು ಕೇಳಬಹುದು. ನಿಜ. ಆದರೆ ಮಾಲಕ ಬೇರೆ, ಸರಕಾರ ಬೇರೆ, ಪತ್ರಿಕೆ ಬೇರೆ ಇದ್ದಲ್ಲಿ ಒಬ್ಬನ ಮೇಲಿನ ದೂರನ್ನು ಇನ್ನೊಬ್ಬನ ಬಳಿಗೆ ಒಯ್ಯಬಹುದು, ಕೆಲವೊಮ್ಮೆಯಾದರೂ. ನೊವೊಚೆರ್ಕಾಸ್ಕ್‌ನಲ್ಲಿ ಕೂಲಿ ನಿಗದಿ ಮಾಡಿದ್ದು, ಮಾಂಸದ ಬೆಲೆ ಏರಿಸಿದ್ದು, ಗುಂಡು ಹಾರಿಸಿದ್ದು, ತೀರ್ಪು ಕೊಟ್ಟದ್ದು, ಸುದ್ದಿ ಮುಚ್ಚಿಟ್ಟದ್ದು ಎಲ್ಲ ಒಂದೇ ಕೈ. ಕಾರ್ಮಿಕ ಸಂಘವೂ ಅದೇ ಕೈಯಲ್ಲಿತ್ತು. 1920ರಲ್ಲಿ ಕೇಳಿದ ಪ್ರಶ್ನೆಗೆ ನಲವತ್ತೆರಡು ವರ್ಷಗಳ ನಂತರವೂ ಉತ್ತರ ದೊರೆತಿರಲಿಲ್ಲ.

1989ರ ಜುಲೈಯಲ್ಲಿ ಸೈಬೀರಿಯದ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ಆರಂಭವಾಗಿ ಉಕ್ರೇನ್‌ನ ಗಣಿಗಳವರೆಗೆ ಹಬ್ಬಿತು. ಈ ಸಲ ಗುಂಡು ಹಾರಲಿಲ್ಲ. ಗಣಿಯಿಂದ ಮೇಲೆ ಬಂದ ಕಾರ್ಮಿಕರು ತಮ್ಮ ರಾಜ್ಯದ ಮುಂದೆ ಇಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಮೈ ತೊಳೆದುಕೊಳ್ಳಲು ಸಾಬೂನು ಕೂಡ ಒಂದಾಗಿತ್ತು.