ಚಲಚ್ಚಿತ್ರಗಳ ಗುಣನಿರ್ಣಯವೂ ಪ್ರತಿಗಳ ವಿಚಾರವೂ

ಹಳೆಯ ಚಿತ್ರಗಳು ಮೇಲೋ ಹೊಸವು ಮೇಲೋ ಎಂಬ ವಾದವು ವಿದ್ವದ್ಗೋಷ್ಠಿಗಳಲ್ಲಿಯೂ ಆಗಾಗ ತಲೆದೋರುವುದುಂಟು. ಒಂದು ಪಕ್ಷದವರು ಹಿಂದಿನವರ ಸಂಯಮವನ್ನೂ ಅಭಿನಯಕೌಶಲವನ್ನೂ ಹೊಗಳುವರು. ಇನ್ನೊಂದು ಪಕ್ಷದವರು ಅವೆಲ್ಲವೂ ಕಂಪೆನಿ ನಾಟಕದ ನೆರಳೇ ಹೊರತು ಸ್ವತಂತ್ರ ಕಲೆಯಲ್ಲವೆನ್ನುವರು. ಉಭಯಪಕ್ಷದವರೂ ಒಂದು ಪೂರ್ವಪ್ರಶ್ನೆಯನ್ನು ಮರೆತಿರುವಂತೆ ನಮಗೆ ತೋರುತ್ತದೆ. ಕಾವ್ಯವೊಂದರ ಗುಣದೋಷಗಳನ್ನು ಹೇಳಹೊರಡುವವನು ಮೊದಲು ಅದರ ಪ್ರತಿ ಎಲ್ಲಿದೆ, ಪಾಠವು ಎಷ್ಟುಮಟ್ಟಿಗೆ ಶುದ್ಧವಾಗಿದೆ ಎಂದು ಕೇಳುವನಷ್ಟೆ. ಚಿತ್ರಗಳ ವಿಷಯದಲ್ಲಿ ಹಾಗೆ ಕೇಳುವವರು ವಿರಳ.

ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರವಾದ ‘ಸತಿ ಸುಲೋಚನ’ವನ್ನೇ ತೆಗೆದುಕೊಳ್ಳೋಣ. ವೈ. ವಿ. ರಾಯರ ನಿರ್ದೇಶನದಲ್ಲಿ ಕೊಲ್ಹಾಪುರದಲ್ಲಿ ಸಿದ್ಧವಾದ ಈ ಚಿತ್ರವು 1934ನೆಯ ಇಸವಿ ಮಾರ್ಚಿ 3ರಂದು ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಮಾತುಗಳನ್ನೂ ಹಾಡುಗಳನ್ನೂ ರಚಿಸಿದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಸುಬ್ಬಯ್ಯನಾಯಿಡುಗಳು ಇಂದ್ರಜಿತುವಾಗಿಯೂ, ತ್ರಿಪುರಾಂಬೆಯವರು ಸುಲೋಚನೆಯಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದರು. ಇಷ್ಟೆಲ್ಲ ತಿಳಿದಿದೆ, ಚಿತ್ರ ಮಾತ್ರ ಇಲ್ಲ. ಅದರ ಒಂದು ಪ್ರತಿಯೂ ಉಳಿದುಬಂದಿಲ್ಲ. ನಾಗೇಂದ್ರರಾಯರು 1957ರಲ್ಲಿ ನಿರ್ದೇಶಿಸಿದ ‘ಪ್ರೇಮದ ಪುತ್ರಿ’ಯನ್ನು ಹಿಡಿದು 1934ರ ರಾವಣನನ್ನು ಊಹಿಸುವುದು, ಶಾಂತಿಪುರಾಣವನ್ನೋದಿ ಪೊನ್ನನ ಭುವನೈಕರಾಮಾಭ್ಯುದಯದ ಯೋಗ್ಯತೆಯನ್ನು ನಿಶ್ಚಯಿಸಿದಂತೆಯೇ ಸರಿ. ಮೊದಲನೆಯ ಗುಣವರ್ಮನ ‘ಶೂದ್ರಕ’ವು ನಷ್ಟವಾದರೂ ಅದರ ಕೆಲವು ಪದ್ಯಗಳು ಸಂಕಲನಗ್ರಂಥಗಳಲ್ಲಿ ಉಳಿದಿವೆ, ಈ ಚಿತ್ರಕ್ಕೆ ಆ ಭಾಗ್ಯವೂ ಒದಗಲಿಲ್ಲ. ಹೀಗಿರಲು, ಅದು ಬರಿಯ ನಾಟಕವಾಗಿದ್ದಿತೆಂದು ಹಳಿಯುವವರ ಧೈರ್ಯಕ್ಕೆ ಆಶ್ಚರ್ಯಪಡಬೇಕಾಗುತ್ತದೆ.

ನಾಶಕ್ಕೆ ಕಾರಣಗಳು ಗೂಢವಾದುವಲ್ಲ. ಆ ಕಾಲದ ನೈಟ್ರೇಟು ಫಿಲಮು ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದಿತು. ಸೆಕೆಗೆ ಕೊಳೆತು ಅಂಟಾಗುತ್ತಿದ್ದಿತು. ಪ್ರದರ್ಶನಗಳು ಮುಗಿದ ಮೇಲೆ ಸುರುಳಿಗಳಿಗಿದ್ದ ಬೆಲೆ ಅವುಗಳಲ್ಲಿನ ಬೆಳ್ಳಿಯ ಬೆಲೆ ಮಾತ್ರ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ಸ್ಥಾಪಿತವಾದದ್ದು 1964ರಲ್ಲಿ, ಸುಲೋಚನೆ ತೆರೆಕಂಡು ಮೂವತ್ತು ವರ್ಷಗಳಾದ ಮೇಲೆ.

ಆದುದರಿಂದ ಉಳಿದ ಹಳೆಯ ಚಿತ್ರಗಳು ಉತ್ತಮವಾದುವೆಂಬ ಕಾರಣದಿಂದಲೇ ಉಳಿದವೆಂದು ಹೇಳುವಂತಿಲ್ಲ. ತಿರುವಾಂಕೂರಿನಲ್ಲಿ 1933ರಲ್ಲಿ ತೆರೆಕಂಡ ‘ಮಾರ್ತಾಂಡವರ್ಮ’ವೆಂಬ ಮೂಕಚಿತ್ರವು, ಮೂಲ ಕಾದಂಬರಿಯ ಪ್ರಕಾಶಕರು ಹೂಡಿದ ಹಕ್ಕಿನ ವ್ಯಾಜ್ಯದಿಂದಾಗಿ ಒಡನೆಯೇ ನಿಂತುಹೋಯಿತು. ಪ್ರತಿಯು ಆ ಪುಸ್ತಕವ್ಯಾಪಾರಿಗಳ ವಶವಾಗಿ, 1974ರಲ್ಲಿ ಭಂಡಾರಕ್ಕೆ ದೊರೆಯಿತು. ಊರೂರು ಸುತ್ತಿ ಜನರನ್ನು ಮೆಚ್ಚಿಸಿದ ಎಷ್ಟೋ ಚಿತ್ರಗಳು ಸವೆದು ಹಾಳಾದವು. ಕೋರ್ಟಿನ ದೆಸೆಯಿಂದ ಓಡದೆ ನಿಂತದ್ದು ಬದುಕಿಕೊಂಡಿತು!

ಉಳಿದುದರಲ್ಲಿಯೂ ಪಾಠಾಂತರದ ತೊಡಕು ತಪ್ಪಿದ್ದಲ್ಲ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ (1913) ನಾಲ್ಕು ರೀಲುಗಳಲ್ಲಿ ಮೊದಲನೆಯದೂ ಕೊನೆಯದೂ ಮಾತ್ರ ಉಳಿದಿವೆಯೆಂಬುದು ಪ್ರಸಿದ್ಧಿ. ಆದರೆ ಅದೇ ಕಥೆಯನ್ನು ಫಾಲ್ಕೆಯವರು 1917ರಲ್ಲಿ ಪುನಃ ಚಿತ್ರಿಸಿದರು. ಈಗ ದೊರೆಯುವ ಭಾಗವು ಆ ಎರಡನೆಯದರದೆಂದು ಕೆಲವು ಇತಿಹಾಸಜ್ಞರ ಮತ. ಅದು ನಿಜವಾದರೆ, 1913ರ ದೃಶ್ಯಸಂಯೋಜನೆಯನ್ನು ಹೊಗಳಿ ಬರೆದ ಪುಟಗಳೆಲ್ಲ ಯಾವ ಚಿತ್ರಕ್ಕೆ ಸಲ್ಲತಕ್ಕವು?

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಗತಿ ಇದಕ್ಕಿಂತ ಮೇಲಾಯಿತು. ಅದನ್ನು ಜೀರ್ಣೋದ್ಧಾರಮಾಡಿ 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ತೋರಿಸಿದರು. ಸವೆದ ಪ್ರತಿಯೊಂದನ್ನು ನೋಡಿದವನು ಛಾಯಾಗ್ರಹಣವು ಮಂಕೆಂದರೆ, ದೋಷವು ಎಸ್. ರಾಮಚಂದ್ರರದೋ ಸುರುಳಿಯದೋ ಎಂದು ಹೇಳಲು ಶಕ್ಯವಿರಲಿಲ್ಲ, ಈಗ ಪರೀಕ್ಷಿಸಬಹುದು. 1977ರ ಚಿತ್ರವನ್ನು ಇಂದಿನದರೊಡನೆ ಸಮವಾಗಿ ತೂಗುವುದಕ್ಕೆ ಹೀಗೆ ದಾರಿಯಾಗಿದೆ. 1934ರ ಚಿತ್ರಕ್ಕೆ ಆ ದಾರಿ ತೆರೆಯಬೇಕಾದರೆ, ಓಲೆಗರಿಗಳಿಗಾಗಿ ಮಠಗಳ ಅಟ್ಟಗಳನ್ನು ಶೋಧಿಸಿದಂತೆಯೇ ಹಳೆಯ ಟಾಕೀಸುಗಳ ಕೋಣೆಗಳನ್ನೂ ಹಂಚಿಕೆದಾರರ ಉಗ್ರಾಣಗಳನ್ನೂ ಯಾರಾದರೂ ಶೋಧಿಸಬೇಕಾಗಿದೆ.