ಕೊಲ್ಲಿಯಿಂದ ಹೊರಡುವ ದಿನದ ಲೆಕ್ಕ

"ವಿಸಾ ಕ್ಯಾನ್ಸಲ್ ಮಾಡಿ ಬಂದಿದ್ದಾನೆ" ಎಂಬ ಮಾತು ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಯಾವ ಮನೆಗೂ ಹೊಸತಲ್ಲ. ಕನ್ನಡದ ಮನೆಯಾಗಲಿ, ಮಲಯಾಳದ ಮನೆಯಾಗಲಿ, ವಿಸಾ, ಇಖಾಮ, ಕಫೀಲ್ ಎಂಬ ಶಬ್ದಗಳಿಗೆ ನಮ್ಮಲ್ಲಿ ಅನುವಾದ ಬೇಕಾಗಿಲ್ಲ. ಬಂದವನು ತಂದ ಪೆಟ್ಟಿಗೆಗಳ ಬಗ್ಗೆ ನೆರೆಕರೆಯವರು ಬೇಕಾದಷ್ಟು ಮಾತಾಡುತ್ತಾರೆ. ಹೊರಡುವ ದಿನ ಅವನ ಕೈಗೆ ಬಂದ ಅಥವಾ ಬಾರದೆ ಹೋದ "ಸರ್ವೀಸ್ ಹಣ"ದ ವಿಚಾರ ಮಾತ್ರ ಮನೆಯೊಳಗೇ ಉಳಿಯುತ್ತದೆ.

1973ರ ತೈಲ ಬೆಲೆಯೇರಿಕೆಯ ನಂತರ ಕೊಲ್ಲಿ ರಾಷ್ಟ್ರಗಳಿಗೆ ಲಕ್ಷಗಟ್ಟಲೆ ಕೈಗಳು ಬೇಕಾದವು. ಆದರೆ ಬಂದವರು ಎಂದಾದರೊಂದು ದಿನ ಮರಳತಕ್ಕವರು ಎಂಬುದು ಆ ಸರಕಾರಗಳ ಎಣಿಕೆ. ಆದ್ದರಿಂದ ಪಿಂಚಣಿ ಬಹುಮಟ್ಟಿಗೆ ಸ್ವದೇಶೀಯರ ಪಾಲಾಯಿತು. ಪರದೇಶಿಗೆ ಉಳಿದದ್ದು ಸೇವೆಯ ಕೊನೆಯಲ್ಲಿ ಮಾಲಿಕ ಕೊಡಬೇಕಾದ ಇಡಿಗಂಟು. ಸೌದಿ ಅರೇಬಿಯದ 1969ರ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ 5 ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಯು.ಎ.ಇ.ಯ 1980ರ 8ನೆಯ ಕಾನೂನು ಮೊದಲ 5 ವರ್ಷಗಳಿಗೆ ತಲಾ 21 ದಿನ, ಬಳಿಕ ತಲಾ 30 ದಿನ ಎಂದು ಗೊತ್ತುಮಾಡಿತು.

ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಿಡಿಯುವುದು ಯಾವ ಸಂಬಳದ ಮೇಲೆ? ಯು.ಎ.ಇ.ಯಲ್ಲಿ ಮೂಲ ವೇತನದ ಮೇಲೆ ಮಾತ್ರ. ಒಬ್ಬನಿಗೆ ತಿಂಗಳಿಗೆ 1500 ದಿರ್ಹಂ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂಲ ವೇತನ 900, ಮಿಕ್ಕದ್ದು ಬಾಡಿಗೆ, ಬಸ್ಸು ಎಂಬ ಹೆಸರಿನ ಭತ್ಯೆ. ಎಂಟು ವರ್ಷ ದುಡಿದರೆ ಅವನಿಗೆ ಸಲ್ಲತಕ್ಕದ್ದು 195 ದಿನದ ಹಣ, ಅಂದರೆ 5,850 ದಿರ್ಹಂ. ಪೂರ್ತಿ ಸಂಬಳದ ಮೇಲಾಗಿದ್ದರೆ 9,750 ಆಗುತ್ತಿತ್ತು. ಕೆಲಸಕ್ಕೆ ಸೇರುವಾಗ ಓದದೆ ಸಹಿ ಹಾಕಿದ ಕಾಗದದ ಬೆಲೆ ಹೀಗೆ ಎಂಟು ವರ್ಷ ಕಳೆದ ಮೇಲೆ ತಿಳಿಯುತ್ತದೆ. ತಾನಾಗಿ ರಾಜೀನಾಮೆ ಕೊಟ್ಟರಂತೂ ಇನ್ನೂ ಕಷ್ಟ. ಅವಧಿ ಗೊತ್ತುಮಾಡದ ಕರಾರಿನಲ್ಲಿ ಮೂರು ವರ್ಷ ತುಂಬುವ ಮೊದಲು ಬಿಟ್ಟವನಿಗೆ ಮೂರನೆಯ ಒಂದು ಪಾಲು, ಐದರೊಳಗೆ ಬಿಟ್ಟವನಿಗೆ ಮೂರನೆಯ ಎರಡು ಪಾಲು. ತಾಯಿಗೆ ಸೌಖ್ಯವಿಲ್ಲವೆಂದು ಊರಿಗೆ ಓಡಿ ಬಂದವನಿಗೂ ಇದೇ ಲೆಕ್ಕ.

ಜರ್ಮನಿಯ ಕ್ರಮ ಬೇರೆ. ಅಲ್ಲಿ 1961ರ ಒಪ್ಪಂದದಂತೆ ಬಂದ ತುರ್ಕಿಯ ಕಾರ್ಮಿಕರು ಜರ್ಮನರಂತೆಯೇ ಪಿಂಚಣಿ ವಿಮೆಗೆ ಹಣ ಕಟ್ಟುತ್ತಿದ್ದರು. ನಿರುದ್ಯೋಗ ಹೆಚ್ಚಿದಾಗ, 1983ರ ಕೊನೆಗೆ, ಮರಳಿ ಹೋಗುವವರಿಗೆ ಪ್ರೋತ್ಸಾಹ ಕೊಡುವ ಕಾನೂನು ಬಂತು. ಕಟ್ಟಿದ ಹಣಕ್ಕಾಗಿ ಎರಡು ವರ್ಷ ಕಾಯಬೇಕಾಗಿಲ್ಲ ಎಂಬುದು ಅದರ ಒಂದು ಆಕರ್ಷಣೆ. ಆದರೆ ಹಿಂದೆ ಸಿಕ್ಕಿದ್ದು ಕಾರ್ಮಿಕನ ಪಾಲು ಮಾತ್ರ. ಮಾಲಿಕ ಕಟ್ಟಿದ ಪಾಲು ಅಲ್ಲೇ ಉಳಿಯಿತು. ಹಣ ತೆಗೆದುಕೊಂಡವನಿಗೆ ಮುಂದೆ ಆ ವರ್ಷಗಳ ಪಿಂಚಣಿಯೂ ಇಲ್ಲ.

ನಮ್ಮವರ ನೆನಪಿನಲ್ಲಿ ಆಳವಾಗಿ ಉಳಿದಿರುವುದು ಕುವೈತ್. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದಾಗ ರಾಜೀನಾಮೆಯೂ ಇಲ್ಲ, ಲೆಕ್ಕವೂ ಇಲ್ಲ. ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರು ಮುಂಬಯಿಗೆ ಬಂದಿಳಿದರು. ಕುವೈತಿ ದಿನಾರನ್ನು ಇರಾಕ್ ತನ್ನ ದಿನಾರಿಗೆ ಸಮವೆಂದು ಸಾರಿದ್ದರಿಂದ ಉಳಿತಾಯವೂ ಕಿಸೆಯಲ್ಲೇ ಕರಗಿತು. ಸರ್ವೀಸ್ ಹಣ ಕೇಳೋಣವೆಂದರೆ ಮಾಲಿಕನೇ ದೇಶ ಬಿಟ್ಟಿದ್ದ.

ಇಲ್ಲಿ ಚರಿತ್ರೆ ಅಪರೂಪದ ತಿರುವು ಪಡೆಯಿತು. 1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ಹಣದ ಮೂಲ ಇರಾಕಿನ ತೈಲ. ಬಿಟ್ಟು ಓಡಬೇಕಾಗಿ ಬಂದ ಪ್ರತಿಯೊಬ್ಬನೂ 'ಎ' ವರ್ಗದಲ್ಲಿ 2,500 ಡಾಲರ್ ಕೇಳಬಹುದಿತ್ತು. ಬೇರೆ ಯಾವ ವರ್ಗದಲ್ಲೂ ಕೇಳುವುದಿಲ್ಲವೆಂದು ಒಪ್ಪಿದರೆ 4,000. ಕುಟುಂಬಕ್ಕೆ 5,000 ಅಥವಾ 8,000. ಹೋದ ಸಂಬಳ, ಸಾಮಾನು, ಬ್ಯಾಂಕಿನ ಹಣ ಎಲ್ಲವನ್ನೂ ಕೇಳುವವರಿಗೆ 1 ಲಕ್ಷ ಡಾಲರಿನವರೆಗೆ 'ಸಿ' ವರ್ಗ. ಅರ್ಜಿ ಹೋದದ್ದು ಭಾರತ ಸರಕಾರದ ಮೂಲಕ. ತೈಲದ ಮಾರಾಟ 1996ರ ಕೊನೆಯ ತನಕ ಶುರುವಾಗದ್ದರಿಂದ ಹಲವು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಕೆಲವರ ಮಕ್ಕಳೇ ಕೊಲ್ಲಿಗೆ ಹೊರಟು ನಿಂತಿದ್ದರು. ಆಯೋಗ ಕೊನೆಯ ಕಂತನ್ನು ಕೊಟ್ಟದ್ದು 2022ರ ಜನವರಿಯಲ್ಲಿ; ಒಟ್ಟು 5,240 ಕೋಟಿ ಡಾಲರ್. ಅದರಲ್ಲಿ ಸಾಮಾನ್ಯ ಮನುಷ್ಯರ ಅರ್ಜಿಗಳನ್ನು ತೈಲ ಕಂಪೆನಿಗಳ ಅರ್ಜಿಗಳಿಗಿಂತ ಮೊದಲು ವಿಲೇವಾರಿ ಮಾಡಿದ್ದು ಆ ಆಯೋಗದ ಹಿರಿಮೆಯೆಂದೇ ನನ್ನ ಎಣಿಕೆ.

ಈಚೆಗೆ ಕಾನೂನುಗಳು ಸ್ವಲ್ಪ ಸಡಿಲಿವೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯು.ಎ.ಇ.ಯ ಹೊಸ ಕಾನೂನು ರಾಜೀನಾಮೆಯ ಕಡಿತವನ್ನು ತೆಗೆದುಹಾಕಿತು. ಮೂಲ ವೇತನದ ಲೆಕ್ಕ ಮಾತ್ರ ಹಾಗೆಯೇ ಇದೆ. ಬಹರೈನಿನಲ್ಲಿ 2024ರ ಮಾರ್ಚಿನಿಂದ ಮಾಲಿಕನು ಮೊದಲ ಮೂರು ವರ್ಷ ಸಂಬಳದ ಶೇಕಡಾ 4.2ನ್ನೂ ಆಮೇಲೆ ಶೇಕಡಾ 8.4ನ್ನೂ ತಿಂಗಳು ತಿಂಗಳು ಸರಕಾರಿ ವಿಮಾ ಸಂಸ್ಥೆಗೆ ಕಟ್ಟಬೇಕು. ಹೊರಡುವವನಿಗೆ ಹಣ ಕೊಡುವುದು ಆ ಸಂಸ್ಥೆಯೇ. ಅದಕ್ಕೆ ಹಿಂದಿನ ವರ್ಷಗಳ ಬಾಕಿಯನ್ನು ಮಾತ್ರ ಇಂದಿಗೂ ಮಾಲಿಕನಿಂದಲೇ ಕೇಳಿ ಪಡೆಯಬೇಕು.