ಬಾಣದ ಬೆನ್ನಿಗೆ ಕಟ್ಟಿದ ಗರಿ

ಮನೆಯಲ್ಲೇ ಬಿಲ್ಲು ಬಾಣ ಮಾಡಲು ಕೂತವರಿಗೆ ತಲೆನೋವು ತರುವುದು ಬಿಲ್ಲಲ್ಲ, ಬಾಣದ ಗರಿ. ಬಿದಿರು ಸಿಗುತ್ತದೆ, ಹುರಿ ಸಿಗುತ್ತದೆ, ಮೊನೆಗೆ ಒಂದು ಚೂರು ಕಬ್ಬಿಣವನ್ನು ಕುಲುಮೆಯಲ್ಲಿ ಬಡಿಸಿಕೊಳ್ಳಬಹುದು. ಹಿಂಬದಿಗೆ ಯಾವ ಹಕ್ಕಿಯ ಗರಿ ಕಟ್ಟುವುದು? ನವಿಲುಗರಿ ಅನ್ನುವವರೇ ಹೆಚ್ಚು. ಕ್ಯಾಲೆಂಡರ್ ಚಿತ್ರ ನೋಡಿ ಬೆಳೆದ ಕಣ್ಣು ನಮ್ಮದು. ಆದರೆ ಕಣ್ಣಿರುವ ಆ ಉದ್ದನೆಯ ಗರಿ ಬಾಣಕ್ಕೆ ಬಾರದು. ಅದರ ಎಳೆಗಳು ಬಿಡಿಬಿಡಿ, ಗಾಳಿಗೆ ಎದುರು ನಿಲ್ಲುವ ಶಕ್ತಿಯಿಲ್ಲ. ಬೇಕಾದದ್ದು ನವಿಲಿನ ರೆಕ್ಕೆಯ ಗರಿ. ಕಂದುಬಣ್ಣದ್ದು, ಯಾರೂ ಗೋಡೆಗೆ ಸಿಕ್ಕಿಸದಂಥದ್ದು.

ಗರಿಯ ಕೆಲಸ ಸರಳ. ಬಾಣದ ಭಾರ ಮುಂದಿರುತ್ತದೆ, ಗಾಳಿಯ ಎಳೆತ ಹಿಂದೆ. ಹಿಂಬದಿ ಓಲಾಡಿದರೆ ಗರಿ ಗಾಳಿಗೆ ಒಡ್ಡಿಕೊಂಡು ಅದನ್ನು ದಾರಿಗೆ ತರುತ್ತದೆ. ರೆಕ್ಕೆಯ ಗರಿಗೆ ಹುಟ್ಟಿನಿಂದಲೇ ಒಂದು ಬಾಗು ಇರುವುದರಿಂದ ಬಾಣ ತಿರುಗುತ್ತಾ ಸಾಗುತ್ತದೆ. ಹಾಗಾಗಿ ಒಂದು ಬಾಣಕ್ಕೆ ಎಡರೆಕ್ಕೆಯವನ್ನೇ ಹಾಕಬೇಕು, ಇಲ್ಲವೇ ಬಲರೆಕ್ಕೆಯವನ್ನೇ. ಬೆರೆಸಿದರೆ ಒಂದು ಏರಿಗೆ, ಇನ್ನೊಂದು ನೀರಿಗೆ. ಇನ್ನೂ ಒಂದು ಗುಣವಿದೆ: ಬಿಲ್ಲು ಹಿಡಿದ ಕೈಯನ್ನು ಸವರಿಕೊಂಡು ಹೋಗುವಾಗ ಗರಿ ಮಲಗಿ ಮತ್ತೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ಪಟ್ಟಿ ಹಾಗೆ ಬಗ್ಗುವುದಿಲ್ಲ, ಬಿಲ್ಲಿಗೆ ತಗುಲಿ ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ಗರಿ ಕಟ್ಟಿದ ಹಿಂತುದಿಗೆ ಕನ್ನಡದಲ್ಲಿ ಹಿಳುಕು ಎಂಬ ಚೆಂದದ ಪದವಿದೆ. ಕುಮಾರವ್ಯಾಸನ ಯುದ್ಧಪರ್ವಗಳನ್ನು ಓದಿದವರಿಗೆ ಅದು ಹೊಸದಲ್ಲ, ಬೇರೆಯವರಿಗೆ ಈಗ ನಿಘಂಟೇ ಗತಿ.

ಯಾವ ಹಕ್ಕಿ ಎಂಬ ಪ್ರಶ್ನೆಗೆ ಹಳೆಯ ಉತ್ತರ ಬರಹದಲ್ಲೇ ಇದೆ. 1363ರ ಶಾರ್ಙ್ಗಧರ ಪದ್ಧತಿ ಎಂಬ ಸಂಸ್ಕೃತ ಸಂಕಲನದ ಧನುರ್ವೇದ ಭಾಗ ಎಂಟು ಹಕ್ಕಿಗಳನ್ನು ಹೆಸರಿಸುತ್ತದೆ: ಕಾಗೆ, ಹಂಸ, ಮೊಲ ತಿನ್ನುವ ಶಶಾದ, ಮೀನು ತಿನ್ನುವ ಮತ್ಸ್ಯಾದ, ಕ್ರೌಂಚ, ನವಿಲು, ರಣಹದ್ದು, ಕುರರ. ಬಾಣಕ್ಕೆ ನಾಲ್ಕು ಗರಿ, ಒಂದೊಂದೂ ಆರು ಅಂಗುಲ. ಶಾರ್ಙ್ಗ ಎಂಬ ಕೊಂಬಿನ ಬಿಲ್ಲಿನ ಬಾಣವಾದರೆ ಹತ್ತು ಅಂಗುಲ. ಚೆಲುವಿಗಾಗಿ ಮಾಡಿದ ಪಟ್ಟಿಯಲ್ಲ ಇದು. ಇದ್ದಿದ್ದರೆ ಕಾಗೆ ಮೊದಲು ಬರುತ್ತಿರಲಿಲ್ಲ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಸೀಮೆಯನ್ನು ಸುತ್ತಿದರೆ ಸೋಜಿಗವಾಗುತ್ತದೆ. ನವಿಲು ಕಬ್ಬಿನ ಗದ್ದೆಯಲ್ಲೇ ಇದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿ ದಡದ ಮರಗಳ ಮೇಲೆ ಮೀನುಹದ್ದು ಕೂರುತ್ತದೆ. ಹಂಸ ಎಂದರೆ ಪಟ್ಟೆತಲೆಯ ಹೆಬ್ಬಾತು ಎನ್ನುವ ಪಂಡಿತರ ಮಾತು ಒಪ್ಪುವುದಾದರೆ, ಅದೂ ಚಳಿಗಾಲಕ್ಕೆ ಮೈಸೂರು ಕಡೆಯ ಕೆರೆಗಳಿಗೆ ಹಿಮಾಲಯ ದಾಟಿ ಬರುತ್ತದೆ. ಪಟ್ಟಿಯಲ್ಲಿಲ್ಲದ ಇನ್ನೊಂದು ಹಕ್ಕಿ ಕಾವ್ಯಗಳಲ್ಲಿದೆ: ಕಂಕ. ಕಂಕಪತ್ರ ಎಂದರೆ ಬಾಣ ಎಂದೇ ಅರ್ಥ. ನಿಘಂಟುಗಳು ಕಂಕವನ್ನು ಕೊಕ್ಕರೆ ಜಾತಿಗೆ ಸೇರಿಸುತ್ತವೆ, ಹದ್ದಿನ ಜಾತಿ ಎಂದು ವಾದಿಸುವವರೂ ಇದ್ದಾರೆ. ಅಜ್ಞಾತವಾಸದಲ್ಲಿ ಧರ್ಮರಾಯ ಇಟ್ಟುಕೊಂಡದ್ದೂ ಇದೇ ಹೆಸರು. ಆಯುಧಗಳನ್ನು ಬನ್ನಿಮರಕ್ಕೆ ಕಟ್ಟಿದ ಅದೇ ವಿರಾಟಪರ್ವದಲ್ಲಿ ರಣಹದ್ದಿನ ಗರಿಯ ಬಾಣಗಳ ವರ್ಣನೆಯೂ ಬರುತ್ತದೆ.

ಕೊಕ್ಕರೆ ಎಂದರೆ ನಮಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯ ಬದಿಯ ಈ ಊರಿನೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ಹಿಕ್ಕೆ ಗೊಬ್ಬರವಾಗುತ್ತದೆ, ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಯುವಕರು ಸಾಕಿ ಹಾರಿಬಿಟ್ಟಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಕಂಕ ನಿಜಕ್ಕೂ ಕೊಕ್ಕರೆಯೇ ಆಗಿದ್ದರೆ, ಬಾಣಕ್ಕೆ ಹೆಸರು ಕೊಟ್ಟ ಹಕ್ಕಿಯ ನೆಂಟರು ಇಲ್ಲಿನ ಹುಣಸೆಮರಗಳಲ್ಲಿ ಇದ್ದಾರೆ.

ಇದೇ ಮದ್ದೂರು ತಾಲ್ಲೂಕಿನದು ಆತಕೂರು ಶಾಸನ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಕಲ್ಲು ಎಂದು ಎಲ್ಲರಿಗೂ ಗೊತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲೇ ತಕ್ಕೋಲದ ಕಾಳಗದ ಸುದ್ದಿಯನ್ನೂ ಹೇಳುತ್ತದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ಕಾದಿದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಆನೆಯ ಅಂಬಾರಿಯಲ್ಲೇ ಸುರಗಿಯಿಂದ ಇರಿದು ಕೊಂದನಂತೆ. ಚೋಳರ ಲೈಡನ್ ತಾಮ್ರಪಟಗಳು ಬೇರೆ ಹೇಳುತ್ತವೆ: ಆನೆಯ ಮೇಲಿದ್ದ ರಾಜಾದಿತ್ಯನ ಎದೆಗೆ ಬಾಣ ನಾಟಿತು. ಗೆದ್ದವರಿಗೆ ಎದುರಾ ಎದುರು ಇರಿದದ್ದು ಹೆಮ್ಮೆ, ಸೋತವರಿಗೆ ದೂರದಿಂದ ಬಂದ ಬಾಣಕ್ಕೆ ಬಿದ್ದ ಎನ್ನುವುದು ಸಮಾಧಾನ ಎಂದು ನಾವು ಓದಿಕೊಳ್ಳುತ್ತೇವೆ. ಆ ಬಾಣದ ಗರಿ ಯಾವ ಹಕ್ಕಿಯದೆಂದು ಕಲ್ಲೂ ಹೇಳದು, ತಾಮ್ರವೂ ಹೇಳದು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಹೊಯ್ಸಳ ಗುಡಿಯ ಗೋಡೆಯಲ್ಲಿ ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿಯಿಟ್ಟಿದ್ದಾನೆ, ದ್ರೌಪದಿ ಮಾಲೆ ಹಿಡಿದು ಓಡಿಬರುತ್ತಿದ್ದಾಳೆ. ಶಿಲ್ಪಿಗೆ ಬೇಕಾದದ್ದು ಆ ಗಳಿಗೆ. ಹಿಂದೆ ಕೂತು ಅಂಟು ಕಾಸಿ, ನೂಲು ಸುತ್ತಿ ಗರಿ ಕಟ್ಟಿದವನು ಯಾವ ಕಲ್ಲಿಗೂ ಏರಲಿಲ್ಲ.

ಇಂಗ್ಲೆಂಡಿನಲ್ಲಿ ಮಾತ್ರ ಈ ಕೆಲಸ ಕಡತಕ್ಕೇ ಏರಿದೆ. 1417ರಲ್ಲಿ ಐದನೆಯ ಹೆನ್ರಿ ಪ್ರತಿ ಹೆಬ್ಬಾತಿನಿಂದ ಆರಾರು ಗರಿ ಕಿತ್ತು ಕಳಿಸಿ ಎಂದು ಅಧಿಕಾರಿಗಳಿಗೆ ಆಜ್ಞೆ ಮಾಡಿದ. 1545ರಲ್ಲಿ ಬಿಲ್ವಿದ್ಯೆಯ ಪುಸ್ತಕ ಬರೆದ ರಾಜರ್ ಆಸ್ಕಮ್ ಹೆಬ್ಬಾತನ್ನು ಹೊಗಳಿ ನವಿಲನ್ನು ತೆಗೆದುಹಾಕಿದ. ನಮ್ಮ ಧನುರ್ವೇದ ನವಿಲನ್ನು ಒಳ್ಳೆಯದು ಅನ್ನುತ್ತದೆ. ಕೈಗೆ ಸಿಗುವ ಹಕ್ಕಿಯನ್ನೇ ಊರು ಹೊಗಳುತ್ತದೆ, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಯುದ್ಧದ ಗರಿಯ ಕಥೆ ಶ್ರೀರಂಗಪಟ್ಟಣಕ್ಕೆ ಬರುವಷ್ಟರಲ್ಲಿ ರೂಪ ಬದಲಿಸಿತ್ತು. ಹೈದರ್, ಟಿಪ್ಪು ಕಾಲದ ರಾಕೆಟ್ಟಿಗೆ ಗರಿ ಇರಲಿಲ್ಲ. ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಮೂತಿ ಮುಂದಾಗಿ ಹೋಗುವಂತೆ ನೋಡಿಕೊಳ್ಳುತ್ತಿದ್ದದ್ದು ಆ ಬಿದಿರಿನ ಬಾಲ.

ಪಟ್ಟಿಯ ರಣಹದ್ದಿನ ಪಾಡು ಬೇರೆ. ಊರ ಹೊರಗೆ ಸತ್ತ ದನದ ಮೇಲೆ ಹಿಂಡುಹಿಂಡಾಗಿ ಇಳಿಯುತ್ತಿದ್ದ ಹಕ್ಕಿ, ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ಮೂತ್ರಪಿಂಡ ಕೆಟ್ಟು ಸತ್ತಿತು. ದೇಶದ ಮೂರು ಜಾತಿಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹಕ್ಕಿಗಳು ಹೋದವು. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಯಿತು. ಮದ್ದೂರಿನಿಂದ ಬೆಂಗಳೂರು ರಸ್ತೆ ಹಿಡಿದರೆ ಸಿಗುವ ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಬಂಡೆಯ ಮೇಲೆ ಉಳಿದಿರುವುದು ಬೆರಳೆಣಿಕೆಯಷ್ಟು.

ಹಾಗಾದರೆ ಇವತ್ತು ಮನೆಯ ಬಾಣಕ್ಕೆ ಏನು ಕಟ್ಟುವುದು? 1972ರ ವನ್ಯಜೀವಿ ಕಾಯಿದೆ ಗರಿಯನ್ನೂ ಪ್ರಾಣಿಯ ಕೊಂಬು, ಉಗುರಿನ ಸಾಲಿನಲ್ಲೇ ಇಟ್ಟಿದೆ. ಕೊಕ್ಕರೆ ಬೆಳ್ಳೂರಿನ ಮರದಡಿ ಬಿದ್ದದ್ದನ್ನು ಎತ್ತಿಕೊಂಡು ಬರುವ ಆಸೆ ಬೇಡ. ನವಿಲಿನ ಬಾಲದ ಗರಿಗೆ ಕಾಯಿದೆಯಲ್ಲಿ ವಿನಾಯಿತಿ ಇದೆ, ರೆಕ್ಕೆಯ ಗರಿಗಿಲ್ಲ. ಬಾಣಕ್ಕೆ ಬಾರದ್ದಕ್ಕೆ ಅನುಮತಿ, ಬರುವುದಕ್ಕೆ ತಡೆ! ಉಳಿದದ್ದು ಸಾಕಿದ ಹಕ್ಕಿಗಳು. ಟರ್ಕಿ ಕೋಳಿ ಸಾಕುವವರು ಸಿಕ್ಕರೆ ಅದರ ರೆಕ್ಕೆಯ ಗರಿಯೇ ಉತ್ತಮ, ಅಗಲ, ಬಿಗಿ. ಹೆಬ್ಬಾತಿನದು ಮಳೆಗೂ ತಡೆಯುತ್ತದೆ. ಯಾವುದೂ ಸಿಗದಿದ್ದರೆ ನಾಟಿ ಹುಂಜದ್ದು: ಗಿಡ್ಡ, ಕೊಂಚ ಮೆತ್ತಗೆ, ಆದರೆ ಹತ್ತಿಪ್ಪತ್ತು ಗಜದ ಗುರಿಗೆ ಸಾಕು. ದಂಟನ್ನು ಉದ್ದಕ್ಕೆ ಸೀಳಿ, ಒಳಮೈ ಉಜ್ಜಿ ಚಪ್ಪಟೆ ಮಾಡಿ, ಒಂದೇ ರೆಕ್ಕೆಯ ಮೂರನ್ನು ಸಮದೂರದಲ್ಲಿ ಅಂಟಿಸಿ. ಮುಂದಿನ ತುದಿಗೆ ನೂಲು ಬಿಗಿಯಾಗಿ ಸುತ್ತಿ. ಅದು ಎದ್ದರೆ ಬಿಲ್ಲು ಹಿಡಿದ ಕೈಗೆ ಚುಚ್ಚುತ್ತದೆ.